ಗಾಜಿನ ಕೋಣೆಗೆ ಅತ್ತೆ ತೆಗೆದ ಅಳತೆ

ನನ್ನ ಆಯ್ಕೆಯನ್ನು ಯಾರಾದರೂ ಬೇಡ ಅಂದರೆ ನನಗೆ ಸಿಟ್ಟು ಬರುತ್ತದೆ. ಕಾಗದದ ಮೇಲೆ ಬರೆದು ಬೇಡ ಅಂದರೆ ಇನ್ನೂ ಜಾಸ್ತಿ.

ಕಳೆದ ಜುಲೈಯಲ್ಲಿ ಅಂಥದ್ದೊಂದು ಕಾಗದ ಬಂತು. ಅಮೆರಿಕದ ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿರುವ ನಮ್ಮ ಬಡಾವಣೆಯ ಮನೆಮಾಲೀಕರ ಸಂಘದಿಂದ. ಇಲ್ಲಿ ಎಲ್ಲರೂ ಅದನ್ನು ಎಚ್‌ಓಎ ಅನ್ನುತ್ತಾರೆ. ಬೇಲಿಗೆ ಯಾವ ಬಣ್ಣ, ಹುಲ್ಲು ಎಷ್ಟು ಎತ್ತರ, ಕಸದ ಡಬ್ಬಿ ಎಷ್ಟು ಹೊತ್ತು ಹೊರಗಿರಬಹುದು, ಎಲ್ಲವನ್ನೂ ಹೇಳುವವರು ಅವರೇ. (ಮನೆಯ ಸಾಲ ಕಟ್ಟುವವರು ಮಾತ್ರ ನಾವು.)

ಕಾಗದದಲ್ಲಿ ಇದ್ದದ್ದು ಎರಡೇ ಸಾಲು. ನೀವು ಮನೆಯ ಹಿಂದೆ ಕಟ್ಟಲು ಹೊರಟಿರುವ ಗಾಜಿನ ಕೋಣೆ ನಿಮ್ಮ ಮನೆಗೆ ಹೊಂದುವುದಿಲ್ಲ. ಆದ್ದರಿಂದ ಅರ್ಜಿಯನ್ನು ವಾಪಸ್ ಕಳಿಸಲಾಗಿದೆ. ಕೆಳಗೆ ಸಮಿತಿಯ ಮುಖ್ಯಸ್ಥೆಯ ಸಹಿ. ಡೊನ್ನಾ. ನಮ್ಮಿಂದ ನಾಲ್ಕನೇ ಮನೆಯಾಕೆ.

ನನ್ನ ಮನೆಗೆ ಏನು ಹೊಂದುತ್ತದೆ ಅಂತ ನನಗೆ ಗೊತ್ತಿಲ್ಲವಾ? ಹದಿಮೂರು ವರ್ಷದಿಂದ ಆ ಮನೆಯ ಒಂದೊಂದು ಪರದೆ, ಒಂದೊಂದು ದಿಂಬು ಆರಿಸಿದವಳು ನಾನು. ಯಾರದೇ ಗೃಹಪ್ರವೇಶಕ್ಕೆ ಹೋದರೂ "ಪೂರ್ಣಿಮಾ, ಈ ಗೋಡೆಗೆ ಏನ್ ಹಾಕ್ಲಿ ಹೇಳಿ" ಅಂತ ಹೆಂಗಸರು ನನ್ನನ್ನೇ ಕೇಳುತ್ತಾರೆ. ಅಂಥವಳಿಗೆ ಹೊಂದುವುದಿಲ್ಲ ಅನ್ನುವುದಾ?

ಜಗಳಕ್ಕೆ ಹೊರಟೆ. ಆದರೆ ಅದಕ್ಕೂ ಮೊದಲು, ಈ ಗಾಜಿನ ಕೋಣೆ ಯಾಕೆ ಬೇಕಾಯಿತು ಅಂತ ನಿಮಗೆ ಹೇಳಬೇಕು.

ನಮ್ಮತ್ತೆ ನೀಲಮ್ಮ ನಮ್ಮ ಜೊತೆಗೇ ಇದ್ದಾರೆ. ಬಿಜಾಪುರದವರು. ಅಲ್ಲಿ ಮೂವತ್ತು ವರ್ಷ ಹೊಲಿಗೆ ಕ್ಲಾಸ್ ನಡೆಸಿದವರು. ಅವರ ಕೈಯಲ್ಲಿ ಕತ್ತರಿ ಹಿಡಿಯಲು ಕಲಿತ ಹುಡುಗಿಯರು ಎಷ್ಟೋ ಜನ, ಲೆಕ್ಕ ಅವರಿಗೂ ಗೊತ್ತಿಲ್ಲ. ಇಲ್ಲಿಗೆ ಬಂದ ಮೇಲೂ ಸುಮ್ಮನೆ ಕೂತವರಲ್ಲ. ಬೆಳಿಗ್ಗೆ ಬೀದಿಯ ತುದಿಯ ಕೆರೆಯವರೆಗೆ ನಡೆದು ಬರುವುದು, ನಾನು ಕೆಲಸದಿಂದ ಬರುವಷ್ಟರಲ್ಲಿ ರೊಟ್ಟಿ ಬಡಿದಿಡುವುದು, ನನ್ನ ರವಿಕೆಗಳ ಹೊಲಿಗೆ ಬಿಚ್ಚಿ ಅಗಲ ಮಾಡುವುದು (ಪ್ರತಿ ವರ್ಷ, ಒಂದು ಮಾತೂ ಆಡದೆ).

ಹೋದ ವರ್ಷ ಜನವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಸ್ಟೀಲಿನ ಕೀಲು ಹಾಕಿದರು, ವಾಕರ್ ಕೊಟ್ಟು ಮನೆಗೆ ಕಳಿಸಿದರು. ಎಂಬತ್ತೊಂದು ವಯಸ್ಸು. ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದು ಹೇಳಿದ್ದು ಇಷ್ಟೇ. "ದಿನಾ ನಡೆಯಬೇಕು. ಸ್ವಲ್ಪ ಬಿಸಿಲು ಮೈಗೆ ಬೀಳಬೇಕು. ಮಲಗಿದರೆ ಮಲಗಿಯೇ ಬಿಡುತ್ತಾರೆ."

ಆ ಕೊನೆಯ ಮಾತು ನನ್ನ ಗಂಡ ಬಸವರಾಜ್ ಕಿವಿಗೆ ಬಿತ್ತು. ಅವರ ಮುಖ ನೋಡಲು ಆಗಲಿಲ್ಲ ನನಗೆ.

ಅತ್ತೆ ನಡೆಯಲೇ ಇಲ್ಲ. ಹೊರಗೆ ಹೋಗೋಣ ಅಂದರೆ ಉತ್ತರದ ಗಾಳಿ. ಗಾಳಿ ನಿಂತಿತು ಅನ್ನುವಷ್ಟರಲ್ಲಿ ಟೆಕ್ಸಸ್ಸಿನ ಬೇಸಿಗೆ. ಮನೆಯೊಳಗೆ ನಡೆಯಿರಿ ಅಂದರೆ "ಆಮ್ಯಾಲ ನಡೀತೀನಿ ತಗೊ" ಅನ್ನುವರು. ಸಂಜೆ ನಾವು ಬಂದಾಗ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಊಟ ಅರ್ಧ. ಮಾತು ಅದಕ್ಕಿಂತ ಕಡಿಮೆ. ಮಗಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ನಾವು ಮೂರೇ ಜನ. ಬಸವರಾಜ್ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡಿದರು. ಆಮೇಲೆ ಆಫೀಸಿಗೆ ಹೋಗಲೇಬೇಕಾಯಿತು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಏಳರಿಂದ ಮೂರರವರೆಗೆ. ನಡುವಿನ ಹೊತ್ತು ಅತ್ತೆ ಒಬ್ಬರೇ.

ಏನಾದರೂ ಮಾಡಬೇಕಿತ್ತು. ಏನು ಅಂತ ಗೊತ್ತಿರಲಿಲ್ಲ.

ಗೊತ್ತಾದದ್ದು ಏಪ್ರಿಲ್‌ನಲ್ಲಿ, ಹ್ಯೂಸ್ಟನ್ನಿಗೆ ಹೋದಾಗ. ಅಲ್ಲಿನ ಕ್ಲಿಯರ್ ಲೇಕ್‌ನಲ್ಲಿ ನಮಗೆ ಬಹಳ ಹಳೆಯ ಪರಿಚಯದ ಸುಲೋಚನಾ ಆಂಟಿ ಇದ್ದಾರೆ. ಮಕ್ಕಳ ಡಾಕ್ಟರಾಗಿ ದುಡಿದು ಈಗ ರಿಟೈರ್ ಆದವರು. ಅವರ ಮನೆಯ ಹಿಂದೆ ಹೊಸದಾಗಿ ಒಂದು ಗಾಜಿನ ಕೋಣೆ ಕಟ್ಟಿಸಿದ್ದರು. ನೋಡಿ ನಿಂತುಬಿಟ್ಟೆ!

ವಿಕ್ಟೋರಿಯನ್ ಸ್ಟೈಲ್ ಅಂತ ಅದಕ್ಕೆ ಹೆಸರು. ಮುಂಭಾಗ ನೇರವಾಗಿಲ್ಲ, ಐದು ಮೂಲೆಗಳಲ್ಲಿ ಬಾಗಿದೆ. ಚೂಪಾದ ಗಾಜಿನ ಮಾಡು. ಮಾಡಿನ ನೆತ್ತಿಯ ಉದ್ದಕ್ಕೂ ಕಬ್ಬಿಣದ ಕುಸುರಿ. ಒಳಗೆ ಬೆತ್ತದ ಕುರ್ಚಿಗಳು, ಮಲ್ಲಿಗೆ ಕುಂಡಗಳು, ಎದುರಿಗೆ ನೀರು. ಆಂಟಿ ಅಲ್ಲಿ ಕೂತು ಪೇಪರ್ ಓದುತ್ತಿದ್ದರೆ ಯಾವುದೋ ರಾಣಿ ಕೂತ ಹಾಗೆ ಕಾಣುತ್ತಿತ್ತು.

"ಆಂಟಿ, ನಮ್ಮತ್ತೆಗೂ ಇಂಥದ್ದೇ ಕಟ್ಟಿಸ್ತೀನಿ" ಅಂದೆ.

ಆಂಟಿ ಕನ್ನಡಕದ ಮೇಲಿಂದ ನೋಡಿದರು. "ಕಟ್ಸಮ್ಮ. ಆದ್ರೆ ನಮ್ದು ಎರಡಂತಸ್ತಿನ ಎತ್ತರದ ಮನೆ. ಇದು ಉತ್ತರಕ್ಕಿದೆ, ನೇರ ಬಿಸಿಲು ಬೀಳಲ್ಲ. ನಿಮ್ಮನೆ ಹೇಗಿದೆಯೋ ನೋಡ್ಕೊಂಡು ಮಾಡು."

ಅವರ ಮಾತು ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ. ಆಗಲೇ ನಾನು ಫೋನ್ ತೆಗೆದು ಮಾಡಿನ ಫೋಟೋ ಹೊಡೆಯುತ್ತಿದ್ದೆ.

ನಮ್ಮ ಮನೆ ಹೇಗಿದೆ ಅಂದಿರಾ? ಒಂದೇ ಅಂತಸ್ತು. ಕಂದು ಇಟ್ಟಿಗೆ. ತಗ್ಗಾದ ಮಾಡು. ಮೂಲೆಯ ಸೈಟು, ಮುಂಬಾಗಿಲು ಉತ್ತರಕ್ಕೆ, ಹಿತ್ತಿಲು ಪಶ್ಚಿಮಕ್ಕೆ. ಡಾಲಸ್ ಸುತ್ತಮುತ್ತ ಇಂಥ ಮನೆಗಳು ಲೆಕ್ಕವಿಲ್ಲದಷ್ಟಿವೆ. ಆದರೆ ಪ್ರೀತಿ ಹುಟ್ಟಿದ ಮೇಲೆ ಇವೆಲ್ಲ ಯಾರಿಗೆ ಕಾಣುತ್ತವೆ?

ಎರಡೇ ವಾರಕ್ಕೆ ಗಾಜಿನ ಕೋಣೆ ಕಟ್ಟುವ ಕಂಪನಿಯೊಂದರಿಂದ ಕೈಲ್ ಎಂಬ ಡಿಸೈನರ್ ಮನೆಗೆ ಬಂದ. ಇಸ್ತ್ರಿ ಮಾಡಿದ ಷರ್ಟು, ದಪ್ಪ ಕ್ಯಾಟಲಾಗು. ಡೈನಿಂಗ್ ಟೇಬಲ್ ಮೇಲೆ ಹರಡಿ ಒಂದೊಂದನ್ನೇ ವಿವರಿಸಿದ. ವಿಕ್ಟೋರಿಯನ್ನು ನಿಮಗೆ ಗೊತ್ತಾಯಿತಲ್ಲ. ಎಡ್ವರ್ಡಿಯನ್ ಅಂದರೆ ಚೌಕಾಕಾರ, ಎಲ್ಲ ಕಡೆಗೂ ಇಳಿಜಾರು. ಗೇಬಲ್ ಅಂದರೆ ಮುಂದೆ ದೊಡ್ಡ ತ್ರಿಕೋನ, ಚರ್ಚಿನ ಮುಖದ ಹಾಗೆ. ಕೊನೆಯ ಪುಟದಲ್ಲಿ ಲೀನ್-ಟು. ಮನೆಯ ಗೋಡೆಗೆ ಒರಗಿಕೊಂಡ ಒಂದೇ ಇಳಿಜಾರಿನ ಮಾಡು. ನಮ್ಮ ಕಡೆ ಹಿಂದೆ ಸೌದೆ ಪೇರಿಸಲು ಇಳಿಸುತ್ತಿದ್ದರಲ್ಲ, ಅಂಥದ್ದು. ಆ ಪುಟವನ್ನು ಕೈಲ್ ಬೇಗ ತಿರುಗಿಸಿದ. ನಾನಂತೂ ನೋಡಲೇ ಇಲ್ಲ.

ಅವತ್ತು ಅತ್ತೆಯನ್ನೂ ಟೇಬಲ್ ಹತ್ತಿರ ಕೂರಿಸಿದ್ದೆವು. ಅವರಿಗಾಗಿಯೇ ಅಲ್ಲವಾ ಇದೆಲ್ಲ? ಅವರು ಕ್ಯಾಟಲಾಗನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ವಿಕ್ಟೋರಿಯನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಇದರ ಹೊಸ್ತಲಾ ಎಷ್ಟ ಎತ್ತರ ಐತಿ?"

ನಾನು ಇಂಗ್ಲಿಷಿಗೆ ತಿರುಗಿಸಿ ಕೈಲ್‌ಗೆ ಹೇಳಿದೆ. ಅವನು ನಕ್ಕ. "ಬರೀ ಒಂದು ಮೆಟ್ಟಿಲು. ಹಿತ್ತಿಲಿನ ಕಾಂಕ್ರೀಟು ಮನೆಯ ನೆಲಕ್ಕಿಂತ ಸ್ವಲ್ಪ ಕೆಳಗಿದೆ, ಅಷ್ಟೇ."

"ಆಮೇಲೆ ನೋಡೋಣ ಅತ್ತೆ. ಮೊದಲು ಸ್ಟೈಲ್ ಫೈನಲ್ ಆಗಲಿ" ಅಂದೆ ನಾನು.

ಅವರು ಇನ್ನೊಂದು ಮಾತು ಸೇರಿಸಿದರು. "ಪಡವಲಕ್ಕ ಗಾಜ ಹಾಕತೀರೇನ?"

"ಸೂರ್ಯಾಸ್ತ ಕಾಣುತ್ತೆ, ಎಷ್ಟು ಚೆನ್ನಾಗಿರುತ್ತೆ ಗೊತ್ತಾ!"

ಅತ್ತೆ ಕ್ಯಾಟಲಾಗು ಮುಚ್ಚಿದರು. "ನಿಮಗ ಛಂದ ಕಂಡರ ಆತು."

ಬಸವರಾಜ್ ನನ್ನ ಮುಖ, ಅಮ್ಮನ ಮುಖ, ಎರಡನ್ನೂ ನೋಡಿದರು. ಏನೂ ಹೇಳಲಿಲ್ಲ. (ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಕಲಿತದ್ದು ಅದೊಂದೇ.) ನಾನು ಅರ್ಜಿ ತುಂಬಿ, ಕೈಲ್ ಬರೆದ ನಕ್ಷೆ ಲಗತ್ತಿಸಿ ಎಚ್‌ಓಎಗೆ ಕಳಿಸಿದೆ. ಅದರ ಉತ್ತರವೇ ಆ ಎರಡು ಸಾಲಿನ ಕಾಗದ.

ಸರಿ, ಜಗಳಕ್ಕೆ ಬರೋಣ.

ಭಾನುವಾರ ಬೆಳಿಗ್ಗೆ ಡೊನ್ನಾ ಬಾಗಿಲು ತೆರೆದಾಗ ನಾನು ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಎಪ್ಪತ್ತು ದಾಟಿದ ಹೆಂಗಸು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಅಷ್ಟು ವರ್ಷದಲ್ಲಿ ನಾವಿಬ್ಬರೂ ಕೈ ಬೀಸಿದ್ದು ಬಿಟ್ಟರೆ ಮಾತಾಡಿದ್ದೇ ಇಲ್ಲ. ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. ನನಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ನಾಳೆ ನಾಲ್ಕು ಗಂಟೆಗೆ ಬಾ. ಸಂಜೆ ನಾಲ್ಕಕ್ಕೆ. ಆಗ ಮಾತಾಡೋಣ."

"ಈಗ್ಯಾಕೆ ಆಗಲ್ಲ?"

"ಈಗ ಬೆಳಿಗ್ಗೆ ಹತ್ತು ಗಂಟೆ. ಈಗ ನಿನಗೆ ಅರ್ಥ ಆಗಲ್ಲ."

ಮರುದಿನ ಕೆಲಸ ಮುಗಿಸಿ ನೇರವಾಗಿ ಅಲ್ಲಿಗೇ ಹೋದೆ. ಹೊರಗೆ ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಬೆರಳು ಸುಡುವಂಥ ಬಿಸಿಲು. ಡೊನ್ನಾ ನನ್ನನ್ನು ಅಡುಗೆಮನೆಯ ಮೂಲಕ ಹಿಂದಕ್ಕೆ ಕರೆದುಕೊಂಡು ಹೋಗಿ ಒಂದು ಬಾಗಿಲು ತೆರೆದಳು. ಅಲ್ಲಿತ್ತು ಗಾಜಿನ ಕೋಣೆ. ಹೊರಗಿನಿಂದ ಬೇಲಿ ಅಡ್ಡ ಇರುವುದರಿಂದ ನಾನು ಎಂದೂ ನೋಡಿರಲಿಲ್ಲ. ವಿಕ್ಟೋರಿಯನ್! ಬಾಗಿದ ಮುಂಭಾಗ, ಚೂಪಾದ ಮಾಡು, ಕುಸುರಿ, ಎಲ್ಲ ಇದೆ. ತಾನು ಕಟ್ಟಿಸಿಕೊಂಡು ನನಗೆ ಬೇಡ ಅನ್ನುತ್ತಾಳಲ್ಲ ಇವಳು?

"ಕೂತುಕೋ. ಹದಿನೈದು ನಿಮಿಷ" ಅಂದಳು. ತಾನೂ ಎದುರಿಗೆ ಕೂತಳು.

ಕೂತೆ. ಮೊದಲ ಎರಡು ನಿಮಿಷ ಸಿಟ್ಟಿನಲ್ಲೇ ಕಳೆಯಿತು. ಐದನೆಯ ನಿಮಿಷಕ್ಕೆ ಬೆನ್ನು ಕುರ್ಚಿಗೆ ಅಂಟಿತು. ಪಶ್ಚಿಮದ ಸೂರ್ಯ ನೇರವಾಗಿ ಕಣ್ಣಿಗೆ. ತಲೆಯ ಮೇಲಿನ ಗಾಜಿನಿಂದ ಬೇರೆ ಇಳಿಯುತ್ತಿದ್ದ ಬೆಂಕಿ. ಫ್ಯಾನ್ ತಿರುಗುತ್ತಿತ್ತು, ಬಿಸಿ ಗಾಳಿಯನ್ನೇ ಮುಖಕ್ಕೆ ಎರಚುತ್ತಿತ್ತು. ಮೂಲೆಯಲ್ಲಿ ಪೇರಿಸಿಟ್ಟ ಕ್ರಿಸ್‌ಮಸ್ ಪೆಟ್ಟಿಗೆಗಳು. ಒಂದರ ಮೇಲಿದ್ದ ಮೇಣದ ಬೊಂಬೆ ಕುತ್ತಿಗೆ ಬಾಗಿಸಿ ಪಕ್ಕದ ಪೆಟ್ಟಿಗೆಗೆ ಅಂಟಿಕೊಂಡಿತ್ತು. ಒಂಬತ್ತನೆಯ ನಿಮಿಷಕ್ಕೆ ನಾನು ಎದ್ದು ನಿಂತೆ.

"ಸಾಕು."

ಡೊನ್ನಾ ನನ್ನನ್ನು ಅಡುಗೆಮನೆಗೆ ಕರೆತಂದು ಐಸ್ ಹಾಕಿದ ಟೀ ಕೊಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು.

"ನನ್ನ ಗಂಡನಿಗೆ ಸಂಧಿವಾತ ಇತ್ತು. ಆಚೆ ಹೋಗಲು ಆಗುತ್ತಿರಲಿಲ್ಲ. ಕೂತು ಚಿತ್ರ ಬಿಡಿಸಲಿ ಅಂತ ನಾನೇ ಇದನ್ನು ಕಟ್ಟಿಸಿದೆ. ಸರ್ಪ್ರೈಸ್ ಅಂತ ಅವನನ್ನು ಕೇಳಲೂ ಇಲ್ಲ. ಮಾರ್ಚ್, ಏಪ್ರಿಲ್ ಎರಡು ತಿಂಗಳು ಕೂತ. ಮೇ ಬಂತು. ಮೇನಿಂದ ಅಕ್ಟೋಬರ್‌ವರೆಗೆ ಗರಾಜಿನಲ್ಲಿ ಕಾರಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಚಿತ್ರ ಬಿಡಿಸಿದ. ಚಳಿಗಾಲದಲ್ಲಿ ಇದು ಐಸ್ ಪೆಟ್ಟಿಗೆ. ನನಗೆ ಬೇಜಾರಾಗುತ್ತೆ ಅಂತ ಒಂದು ದಿನವೂ ದೂರಲಿಲ್ಲ. ಆರು ವರ್ಷ. ಅವನು ಹೋದ ಮೇಲೆ ಒಡೆಸಿಬಿಡೋಣ ಅಂದುಕೊಂಡೆ. ಕೈ ಬರಲಿಲ್ಲ."

ಸಾಲಾಗಿ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಇದಕ್ಕೆ ಉತ್ತರವಾಗಿರಲಿಲ್ಲ.

"ಕುಸುರಿ, ಚೂಪು ಮಾಡು, ಅದೆಲ್ಲ ಹಾಕಿಕೋ, ನನಗೇನು" ಅಂದಳು. "ನಿನ್ನ ತಗ್ಗು ಮನೆಯ ಮೇಲೆ ವಿಚಿತ್ರವಾಗಿ ಕಾಣುತ್ತೆ, ಆದರೂ ಬಿಟ್ಟುಬಿಡುತ್ತಿದ್ದೆ. ಅರ್ಜಿಯಲ್ಲಿ ನೀನು 'ವಯಸ್ಸಾದ ಅತ್ತೆಗಾಗಿ' ಅಂತ ಬರೆದಿದ್ದೆ. ಪಶ್ಚಿಮಕ್ಕೆ ಅಂತಲೂ ಬರೆದಿದ್ದೆ. ಅದಕ್ಕೆ ವಾಪಸ್ ಕಳಿಸಿದೆ. ಅವರಿಗೆ ಏನು ಬೇಕು ಅಂತ ಕೇಳಿದ್ದೀಯಾ?"

ಕೇಳಿದ್ದೆನಾ? ಕೇಳಿರಲಿಲ್ಲ. ಅವರೇ ಎರಡು ಪ್ರಶ್ನೆ ಕೇಳಿದ್ದರು. ಎರಡಕ್ಕೂ ನಾನು ಉತ್ತರ ಕೊಟ್ಟಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಮನೆಯಲ್ಲಿ ವ್ಯಾಕ್ಯೂಮ್ ಹೊಡೆಯುತ್ತಿದ್ದೆ. ಅಡುಗೆಮನೆಗೆ ಹೊಂದಿಕೊಂಡು, ಪೂರ್ವದ ಕಿಟಕಿಯ ಪಕ್ಕ, ನಾವು ತಿಂಡಿ ತಿನ್ನುವ ಮೂಲೆಯೊಂದಿದೆ. ಅಲ್ಲಿ ಹಾಸಿದ ಕಾರ್ಪೆಟ್ಟಿನಲ್ಲಿ ನಾಲ್ಕು ಗುಳಿ. ಕುರ್ಚಿಯ ಕಾಲಿನ ಗುರುತು. ತುಸು ಆಚೆಗೆ ಮತ್ತೆ ನಾಲ್ಕು. ದಕ್ಷಿಣದ ಕಿಟಕಿಯ ಬಳಿ ಇನ್ನೂ ನಾಲ್ಕು, ಆಳವಾಗಿ. ಇವು ನನಗೆ ಹೊಸವೇನಲ್ಲ. ತಿಂಗಳುಗಳಿಂದ ನೋಡುತ್ತಿದ್ದೆ. ಬಸವರಾಜ್ ಕುರ್ಚಿ ಎಳೆದಾಡುತ್ತಾರೆ ಅಂತ ಅವರಿಗೆ ಎರಡು ಸಲ ಬೈದೂ ಇದ್ದೆ.

ಅವತ್ತು ಮಾತ್ರ ಮೆಷಿನ್ ಆಫ್ ಮಾಡಿ ನಿಂತೆ. ಬೆಳಗಿನ ಬಿಸಿಲು ಸರಿಯಾಗಿ ಮೊದಲ ನಾಲ್ಕು ಗುಳಿಗಳ ಮೇಲೆ ಬಿದ್ದಿತ್ತು.

ಅತ್ತೆಯ ಕೋಣೆಗೆ ಹೋದೆ. ಎಂದಿನಂತೆ ಮಲಗಿದ್ದರು.

"ಅತ್ತೆ, ನಾವಿಲ್ಲದಾಗ ನೀವು ಅಡುಗೆಮನೆ ಕಡೆ ಬರ್ತೀರಾ?"

ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡರು.

"ಬೈಯಲ್ಲ. ಹೇಳಿ."

ನಿಧಾನವಾಗಿ ಈ ಕಡೆ ತಿರುಗಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖ.

"ಬರತೀನಿ. ನೀವು ಹೋದಮ್ಯಾಲ ಆ ಕಿಡಕಿ ಕಡೆ ಕುರ್ಚಿ ತಗೊಂಡ ಕುಂದರತೀನಿ. ಬಿಸಲ ಸರದಂಗ ನಾನೂ ಸರೀತೀನಿ. ಊಟದ ಹೊತ್ತಿಗೆ ಆ ಕಡೆ ಕಿಡಕಿಗೆ ಬರತೈತಿ. ಅಲ್ಲಿ ಸ್ವಲ್ಪ ಹೊತ್ತ. ಎರಡ ಗಂಟೆ ಆದಮ್ಯಾಲ ಬಿಸಲ ಹಿಂದಕ್ಕ ಹೋಗತೈತಿ. ಅದು ಉರಿ ಬಿಸಲ. ನಾ ಬಂದ ಮಕ್ಕೋತೀನಿ."

"ವಾಕರ್ ಹಿಡಿದುಕೊಂಡು ಕುರ್ಚಿ ಹೇಗೆ ಎಳೀತೀರಿ?"

"ವಾಕರ್ ಯಾಕ ಬೇಕು? ಕುರ್ಚಿನ ದೂಡಕೋಂತ ಹೋಗತೀನಿ. ದಣಿವಾದರ ಅದರಮ್ಯಾಲ ಕುಂದರಬೌದು. ವಾಕರ್ ಮ್ಯಾಲ ಕುಂದರಾಕ ಬರತೈತೇನ?"

ನಾನು ಅವರ ಮಂಚದ ಅಂಚಿನಲ್ಲಿ ಕೂತುಬಿಟ್ಟೆ. ನಾಲ್ಕು ತಿಂಗಳು! ನಡೆಯಿರಿ, ನಡೆಯಿರಿ ಅಂತ ನಾವು ಬೇಡಿಕೊಳ್ಳುತ್ತಿದ್ದಾಗ ಈ ಹೆಂಗಸು ದಿನಾ ಖಾಲಿ ಮನೆಯಲ್ಲಿ ಕುರ್ಚಿ ದೂಡಿಕೊಂಡು ನಡೆಯುತ್ತಿದ್ದರು. ಎಲ್ಲಾದರೂ ಕುರ್ಚಿ ಜಾರಿದ್ದರೆ?

"ನಮ್ಮೆದುರಿಗೆ ಯಾಕೆ ನಡೀಲಿಲ್ಲ ಅತ್ತೆ?"

"ಕುರ್ಚಿ ಎಳದರ ಕಾರ್ಪೆಟ್ ಕೆಡತೈತಿ ಅಂತ ನೀ ಬಸೂಗ ಬೈದಿಯಲ್ಲ. ನನಗ ಕೇಳಿಸ್ತು. ಅವ ಪಾಪ, ನಾ ಅಲ್ಲ ಅಂತ ಹೇಳಲೂ ಇಲ್ಲ."

ಓದುಗರೇ, ಆ ಕ್ಷಣ ನಾನು ಹೇಗಿದ್ದೆ ಅಂತ ಬರೆಯುವುದಿಲ್ಲ. ನಿಮಗೂ ಒಬ್ಬ ಅತ್ತೆ ಇದ್ದರೆ, ಅಥವಾ ನೀವೇ ಅತ್ತೆಯಾಗಿದ್ದರೆ, ಊಹಿಸಿಕೊಳ್ಳಿ.

ಸ್ವಲ್ಪ ಹೊತ್ತಿನ ಮೇಲೆ ನಾನು ಮೊದಲೇ ಕೇಳಬೇಕಾಗಿದ್ದನ್ನು ಕೇಳಿದೆ. "ನಿಮಗೆ ಎಂಥ ಕೋಣೆ ಬೇಕು?"

ಅವರು ಎದ್ದು ಕೂತರು. ಕಪಾಟು ತೋರಿಸಿದರು. ಮೇಲಿನ ಖಾನೆಯ ಡಬ್ಬಿಯಲ್ಲಿ ಹೊಲಿಗೆಯ ಟೇಪು ಇತ್ತು. ಹಳದಿ ಬಣ್ಣ, ಅಂಚು ಸವೆದದ್ದು.

"ಮೊದಲ ಅಳತಿ. ಆಮ್ಯಾಲ ಕತ್ತರಿ" ಅಂದರು. "ನಿನ್ನ ಆ ಹುಡುಗ ಚಿತ್ರ ತೋರಿಸಿದ. ಅಳತಿ ಯಾರದ ತಗೊಂಡ? ಮೈ ನೋಡದ ಜಂಪರ ಹೊಲದರ ಯಾರ ತೊಡತಾರ?"

ಆ ಶನಿವಾರ, ಭಾನುವಾರ ಎರಡೂ ದಿನ ನಮ್ಮ ಮನೆಯಲ್ಲಿ ಅಳತೆಯ ಕೆಲಸ. ಅತ್ತೆ ಹೇಳುವುದು, ಬಸವರಾಜ್ ಟೇಪು ಹಿಡಿಯುವುದು, ನಾನು ಬರೆದುಕೊಳ್ಳುವುದು. ವಾಕರ್ ಎಷ್ಟು ಅಗಲ? ಅದನ್ನು ಹಿಡಿದು ಪೂರ್ತಿ ಒಂದು ಸುತ್ತು ತಿರುಗಲು ಎಷ್ಟು ಜಾಗ ಬೇಕು? ಕೂತರೆ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೆ? (ಗಾಜು ಅದಕ್ಕಿಂತ ಕೆಳಗಿನಿಂದ ಶುರುವಾಗಬೇಕು, ಇಲ್ಲವಾದರೆ ಬರೀ ಆಕಾಶ ಕಾಣುತ್ತದೆ.) ಪೂರ್ವದ ಗೋಡೆಯಿಂದ ಬೇಲಿಯವರೆಗೆ ಎಷ್ಟು ಜಾಗವಿದೆ? ನಮ್ಮ ಮಾಡಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ?

ಆ ಕೊನೆಯ ಅಳತೆ ಬರೆದುಕೊಂಡಾಗ ನನಗೇ ಅರ್ಥವಾಯಿತು. ಅಷ್ಟು ತಗ್ಗಿನ ಅಂಚಿನ ಕೆಳಗೆ ಚೂಪು ಮಾಡು ನಿಲ್ಲುವುದೇ ಇಲ್ಲ. ನಿಲ್ಲಿಸಬೇಕೆಂದರೆ ಮನೆಯ ಮಾಡನ್ನೇ ಕಡಿಯಬೇಕು. ಎಡ್ವರ್ಡಿಯನ್ನೂ ಹಾಗೇ. ಗೇಬಲ್ ನಿಂತರೆ ತಗ್ಗಿದ ಮನೆಯ ಪಕ್ಕ ಎತ್ತಿದ ಮೂಗಿನ ಹಾಗೆ. ಉಳಿದದ್ದು ಒಂದೇ. ಆ ಕೊನೆಯ ಪುಟದ ಲೀನ್-ಟು. ಮನೆಯ ಮಾಡು ಎಲ್ಲಿ ನಿಲ್ಲುತ್ತದೋ ಅದರ ಕೆಳಗಿನಿಂದ ಅದೇ ಇಳಿಜಾರಿನಲ್ಲಿ ಇಳಿದು ಬರುವಂಥದ್ದು. ಪೂರ್ವದ ಕಿಟಕಿ ತೆಗೆದು ಅಲ್ಲಿ ಬಾಗಿಲಿಟ್ಟರೆ ಅಡುಗೆಮನೆಯಿಂದ ನೇರವಾಗಿ ನಡೆದು ಹೋಗಬಹುದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮನೆಯದೇ ನೆರಳು. ತಲೆಯ ಮೇಲೆ ಪೂರ್ತಿ ಗಾಜು ಬೇಡ. ಮನೆಗೆ ತಾಗುವ ಅರ್ಧಕ್ಕೆ ಹೆಂಚಿನದೇ ಮಾಡು, ಮುಂದಿನ ಅರ್ಧಕ್ಕೆ ಶಾಖ ತಡೆಯುವ ಎರಡು ಪದರದ ಗಾಜು. ಕೆಳಗೆ ಮೊಣಕಾಲೆತ್ತರಕ್ಕೆ ಕಂದು ಇಟ್ಟಿಗೆಯ ಗೋಡೆ.

ಹೆಂಚು ಅಂದೆ. ನಮ್ಮಲ್ಲಿ ಅದು ಡಾಂಬರಿನ ಶಿಂಗಲ್. ಇರಲಿ, ನನಗೆ ಹೆಂಚು ಅನ್ನುವುದೇ ಅಭ್ಯಾಸ.

ಕೈಲ್‌ನನ್ನು ಮತ್ತೆ ಕರೆಸಿದೆವು. ಅವನ ಉತ್ಸಾಹ ಇಳಿದದ್ದು ಎದ್ದು ಕಂಡಿತು.

"ಇದು ನಮ್ಮಲ್ಲಿ ಯಾರೂ ಕೇಳದ ಮಾಡೆಲ್, ಮೇಡಂ."

"ನಾವು ಕೇಳ್ತಿದ್ದೀವಲ್ಲ."

ಹೊಸ ನಕ್ಷೆಯನ್ನು ಡೊನ್ನಾ ತಾನೇ ಬಂದು ನೋಡಿದಳು. ಅತ್ತೆಯ ಪಕ್ಕ ಕೂತು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟಳು. ಗಣಿತದ ಟೀಚರಲ್ಲವಾ? ಒಂದು ಕಡೆ ಎರಡು ಇಂಚು ತಾಳೆಯಾಗಲಿಲ್ಲ. ಅತ್ತೆ ಬಸವರಾಜ್ ಕಡೆ ನೋಡಿ "ಟೇಪ್ ಜೋಲ ಹಿಡದಿ" ಅಂದರು. ಡೊನ್ನಾಗೆ ಕನ್ನಡ ಬರದಿದ್ದರೂ ಯಾರಿಗೆ ಬೈಗುಳ ಬಿತ್ತು ಅಂತ ಅರ್ಥವಾಗಿ ಜೋರಾಗಿ ನಕ್ಕಳು. ಹತ್ತು ದಿನದಲ್ಲಿ ಒಪ್ಪಿಗೆಯ ಕಾಗದ ಬಂತು.

ಸೆಪ್ಟೆಂಬರಿನಲ್ಲಿ ಕೆಲಸ ಶುರುವಾಯಿತು. ಎಲ್ಲ ಸಲೀಸಾಗಿ ಆಯಿತು ಅಂತ ಬರೆದರೆ ನೀವು ನಂಬುವುದಿಲ್ಲ. ಆಗಲೂ ಇಲ್ಲ. ನಡುವೆ ಆಲಿಕಲ್ಲು ಬಿತ್ತು, ಜೋಡಿಸಿಟ್ಟ ಎರಡು ಗಾಜು ಹೋದವು. ಕೊನೆಯಲ್ಲಿ ಎಲ್ಲ ಮುಗಿಯಿತು ಅಂದಾಗ ಬಾಗಿಲು ನೋಡಿದೆ. ಜಾರುವ ಬಾಗಿಲು. ಅದು ಓಡಾಡುವ ಅಲ್ಯುಮಿನಿಯಂ ಪಟ್ಟಿ ನೆಲದಿಂದ ಒಂದೂವರೆ ಇಂಚು ಮೇಲಕ್ಕೆ ಎದ್ದು ನಿಂತಿತ್ತು.

ಕೆಲಸದವರ ಮೇಸ್ತ್ರಿ ಭುಜ ಕುಣಿಸಿದ. "ಇಷ್ಟೇ ತಾನೆ? ಎಲ್ಲರ ಮನೆಯಲ್ಲೂ ಹೀಗೇ ಇರುತ್ತೆ."

ಅತ್ತೆ ವಾಕರ್ ತಂದು ಪಟ್ಟಿಯ ಮುಂದೆ ನಿಂತರು. ಬಲಗಾಲು ಎತ್ತಲು ನೋಡಿದರು. ಆಗಲಿಲ್ಲ. ಇನ್ನೊಂದು ಸಲ. ಆಗಲಿಲ್ಲ. ವಾಕರ್ ತಿರುಗಿಸಿ ತಮ್ಮ ಕೋಣೆಗೆ ಹೊರಟರು.

ಆಗ ನೋಡಬೇಕಿತ್ತು ನನ್ನನ್ನು! ಜುಲೈಯಲ್ಲಿ ಡೊನ್ನಾಗೆ ಅಂತ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಅಲ್ಲಿ ಉಪಯೋಗಕ್ಕೆ ಬಂತು. ನಕ್ಷೆ ತಂದು ಮೇಸ್ತ್ರಿಯ ಮುಂದೆ ಹಿಡಿದೆ. "ನೆಲ ಒಂದೇ ಮಟ್ಟ ಅಂತ ಇಲ್ಲಿ ಬರೆದಿದೆ. ಓದಿ. ಜೋರಾಗಿ ಓದಿ." ಓದಿದ. "ಈ ಪಟ್ಟಿಯನ್ನು ನೆಲದೊಳಗೆ ಕೂರಿಸೋವರೆಗೆ ನಿಮ್ಮ ಟ್ರಕ್ ಈ ಡ್ರೈವ್‌ವೇ ಬಿಟ್ಟು ಹೋಗಲ್ಲ." ಕಾರು ತಂದು ಅವನ ಟ್ರಕ್ಕಿನ ಹಿಂದೆ ಅಡ್ಡ ನಿಲ್ಲಿಸಿಯೇ ಬಿಟ್ಟೆ. ಬಸವರಾಜ್ "ಏ, ಅದೆಲ್ಲ ಯಾಕ" ಅಂದರು. ನಾನು ನೋಡಿದ ನೋಟಕ್ಕೆ ಸುಮ್ಮನಾದರು. ಮೇಸ್ತ್ರಿ ಕೈಲ್‌ಗೆ ಫೋನ್ ಮಾಡಿದ. ಕೈಲ್ ನನ್ನೊಂದಿಗೆ ಮಾತಾಡಿದ. ಮತ್ತೆ ಮೇಸ್ತ್ರಿಯೊಂದಿಗೆ ಮಾತಾಡಿದ. ಎರಡು ದಿನ ಕಾಂಕ್ರೀಟು ಕೊರೆದು ಪಟ್ಟಿಯನ್ನು ಒಳಗಿಳಿಸಿದರು. ಅತ್ತೆ ಅದರ ಮೇಲೆ ಅಂಗೈ ಆಡಿಸಿ ನೋಡಿದರು. ಬಟ್ಟೆಯ ಹೊಲಿಗೆ ಚುಚ್ಚುತ್ತದಾ ಅಂತ ನೋಡುತ್ತಾರಲ್ಲ, ಹಾಗೆ.

"ಈಗ ಆತು ನೋಡು" ಅಂದರು.

ಮೊದಲ ದಿನ ಬಾಗಿಲಿನಿಂದ ಕಿಟಕಿಯವರೆಗೆ ಒಂದೇ ಸಲ ಹೋಗಿ ಬಂದರು. ಬಸವರಾಜ್ ಹಿಂದೆಯೇ ಎರಡೂ ಕೈ ಚಾಚಿಕೊಂಡು ನಡೆದರು, ಮಗು ಹೆಜ್ಜೆ ಇಡುವಾಗ ಅಪ್ಪಂದಿರು ನಡೆಯುತ್ತಾರಲ್ಲ, ಹಾಗೆ. ಅತ್ತೆ ತಿರುಗಿ "ಸರಿಯೋ, ಬಿಸಲಿಗೆ ಅಡ್ಡ ಬರಬ್ಯಾಡ" ಅಂತ ಗದರಿದರು. ಆ ಗದರಿಕೆ ಕೇಳಿ ಎಷ್ಟು ತಿಂಗಳಾಗಿತ್ತು! ಬಸವರಾಜ್ ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ನಿಂತರು. ಪಾತ್ರೆ ಒಂದೂ ಇರಲಿಲ್ಲ ಅಲ್ಲಿ.

ಈಗ ಜನವರಿ. ಬಿದ್ದು ಒಂದು ವರ್ಷವಾಯಿತು. ಅತ್ತೆ ಬೆಳಿಗ್ಗೆ ಎಂಟಕ್ಕೆ ಆ ಕೋಣೆಗೆ ಹೋಗುತ್ತಾರೆ, ಹನ್ನೊಂದರವರೆಗೆ ಅಲ್ಲೇ. ಈ ಮೂಲೆಯಿಂದ ಆ ಮೂಲೆಗೆ ಇಪ್ಪತ್ತು ಸುತ್ತು. ಆಮೇಲೆ ಮಷಿನ್ನಿನ ಮುಂದೆ ಕೂರುತ್ತಾರೆ. ಹೌದು, ಹೊಲಿಗೆ ಮಷಿನ್ನನ್ನು ಅಲ್ಲಿಗೇ ಸಾಗಿಸಿದ್ದೇವೆ. ಕೆರೆಯವರೆಗೆ ನಡೆಯುವುದು ಇನ್ನು ಆಗಲಿಕ್ಕಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಅದನ್ನು ಅತ್ತೆ ಒಪ್ಪಿಕೊಂಡಿಲ್ಲ. ವಾರಕ್ಕೆರಡು ದಿನ ಡೊನ್ನಾ ಬರುತ್ತಾಳೆ. ಗಂಡನ ಷರ್ಟುಗಳನ್ನು ಕತ್ತರಿಸಿ ಕೌದಿ ಹೊಲಿಯುವುದನ್ನು ಕಲಿಯುತ್ತಿದ್ದಾಳೆ. ಇವರು ಕನ್ನಡದಲ್ಲಿ ಬೈಯುತ್ತಾರೆ, ಅವಳು ಇಂಗ್ಲಿಷಿನಲ್ಲಿ ಎದುರಾಡುತ್ತಾಳೆ. ಹೊಲಿಗೆ ಮಾತ್ರ ನೇರವಾಗಿ ಬರುತ್ತಿದೆ.

ನನ್ನ ವಿಕ್ಟೋರಿಯನ್? ಈಗಲೂ ಇಷ್ಟವೇ. ಸುಲೋಚನಾ ಆಂಟಿಯ ಮನೆಗೆ ಹೋದಾಗ ಕೂತು ಬರುತ್ತೇನೆ.

ಈ ಕೋಣೆಯ ಸುದ್ದಿ ಹೇಗೋ ಹರಡಿ, ಹೋದ ವಾರ ಆಸ್ಟಿನ್ನಿನಿಂದ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಅವರೂ ಗಾಜಿನ ಕೋಣೆ ಕಟ್ಟಿಸಬೇಕಂತೆ. ತಂದೆ ಜೊತೆಗಿದ್ದಾರಂತೆ, ಅವರಿಗೆ ಅನುಕೂಲವಾಗಲಿ ಅಂತ.

"ಯಾವ ಸ್ಟೈಲ್ ಬೆಸ್ಟು ಮೇಡಂ? ಫೋಟೋ ಕಳಿಸ್ತೀರಾ?"

"ಫೋಟೋ ಆಮೇಲೆ. ನಿಮ್ಮ ತಂದೆ ದಿನಾ ಬೆಳಿಗ್ಗೆ ಎಲ್ಲಿ ಕೂರ್ತಾರೆ?"

ಅವರು ಹೆಂಡತಿಯನ್ನು ಕರೆದು ಕೇಳುವುದು ಕೇಳಿಸಿತು. ಆಕೆಗೂ ಗೊತ್ತಿರಲಿಲ್ಲ, ನೋಡಬೇಕು ಅಂದರು.

ನಿಮಗೆ ಗೊತ್ತಾ, ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ?